ಅಳಿಯನ ಎಡಗೈ

ಆ ಮನೆಯಲ್ಲಿ ಅಳಿಯನಿಗಿದ್ದ ಕೆಲಸವನ್ನು ನಾಲ್ಕು ಜನರ ಮುಂದೆ ಹೇಳಿಕೊಳ್ಳುವಂತಿರಲಿಲ್ಲ. ಯಾರಾದರೂ ಕೇಳಿದರೆ ಮಾವನ ಮುಲಾಮು ಕಾರ್ಖಾನೆಯಲ್ಲಿ ರಸಾಯನಶಾಸ್ತ್ರ ನೋಡಿಕೊಳ್ಳುತ್ತೇನೆ ಎನ್ನುತ್ತಿದ್ದ. ಕಾರ್ಖಾನೆ ಎಂದರೆ ಮನೆಗೆ ಅಂಟಿಕೊಂಡ ತಗಡಿನ ಶೆಡ್ಡು. ಒಳಗೆ ಮೇಣ ಕರಗಿಸುವ ದೊಡ್ಡ ಪಾತ್ರೆಗಳು, ಡಬ್ಬಿ ತುಂಬುವ ಉದ್ದನೆಯ ಮೇಜು, ಗೋಡೆಯ ಮೇಲೆ ಮಾವನದೇ ಫೋಟೋ. ರಸಾಯನಶಾಸ್ತ್ರ ಎಂದರೆ ಮೇಣಕ್ಕೆ ಎಣ್ಣೆ ಬೆರೆಸುವುದು, ಅದಕ್ಕೊಂದಿಷ್ಟು ನಿಂಬೆಹುಲ್ಲಿನ ಘಾಟು ಸೇರಿಸುವುದು. ಅದಕ್ಕೆ ಪದವಿ ಬೇಡ, ರಟ್ಟೆ ಬೇಕು; ರಟ್ಟೆಯ ಕೆಲಸಕ್ಕೆ ಹೊರಗಿನಿಂದ ಹೆಂಗಸರು ಬರುತ್ತಿದ್ದರು. ಅಳಿಯನ ನಿಜವಾದ ಕೆಲಸವಿದ್ದದ್ದು ವರ್ಷಕ್ಕೊಮ್ಮೆ. ಬೇಸಿಗೆ ಕಾಲಿಡುತ್ತಿದ್ದ ಹಾಗೆ, ಸಂಜೆ ಹೊತ್ತು, ಹಿತ್ತಲಿನಲ್ಲಿ ಕುರ್ಚಿ ಹಾಕಿಕೊಂಡು ಕೂತು ಸೊಳ್ಳೆಗಳಿಂದ ಕಚ್ಚಿಸಿಕೊಳ್ಳುವುದು.

ಮಾವ ಇದಕ್ಕೆ ಪರೀಕ್ಷೆ ಎಂದು ಹೆಸರಿಟ್ಟಿದ್ದ. ಅಳಿಯನ ಬಲಗೈಗೆ ಮೊಣಕೈವರೆಗೆ ಸೊಳ್ಳೆ ಓಡಿಸುವ ಹೊಸ ಮಾಲು ಮೆತ್ತುತ್ತಿದ್ದರು. ಎಡಗೈ ಬರಿದು. ಮನೆಮಂದಿಯೆಲ್ಲ ಎದುರಿಗೆ ಸಾಲಾಗಿ ಕೂರುತ್ತಿದ್ದರು, ಒಳ್ಳೆಯ ಕುರ್ಚಿ ಸಗಟು ವ್ಯಾಪಾರಿಗೆ. ಕತ್ತಲು ಕವಿಯುವ ಹೊತ್ತಿಗೆ ಎಡಗೈ ತುಂಬ ದದ್ದು. ಹೆಂಡತಿ ಬಾಲ್‌ಪೆನ್ನಿನಿಂದ ಒಂದೊಂದಕ್ಕೂ ಸುತ್ತು ಹಾಕುತ್ತಿದ್ದಳು. ಬಲಗೈ ಮಾತ್ರ ಹಾಗೇ ಇರುತ್ತಿತ್ತು. ಅಷ್ಟು ದಪ್ಪ ಮೆತ್ತಿದ ಮೇಲೆ ಸೊಳ್ಳೆಗೆ ಚರ್ಮ ಸಿಗುವುದಾದರೂ ಹೇಗೆ? ಗೋಡೆಗೆ ಬಳಿಯುವ ಗಾರೆ ಮೆತ್ತಿದರೂ ಸೊಳ್ಳೆ ಕಚ್ಚುವುದಿಲ್ಲ ಎಂದು ಅಳಿಯ ಮನಸ್ಸಿನಲ್ಲೇ ಅಂದುಕೊಳ್ಳುತ್ತಿದ್ದ, ಹೊರಗೆ ಹಲ್ಲು ಕಿರಿಯುತ್ತಿದ್ದ. ವ್ಯಾಪಾರಿ ಎರಡೂ ಕೈ ತಿರುಗಿಸಿ ನೋಡಿ ಗೋಣು ಹಾಕಿದರೆ ಆ ವರ್ಷದ ಮಾಲು ಮಾರಾಟವಾದಂತೆಯೇ. ಡಬ್ಬಿಯ ಮುಚ್ಚಳದ ಮೇಲೆ ಇದ್ದದ್ದೂ ಅವನ ಎರಡು ಕೈಗಳ ಚಿತ್ರವೇ. ಊರಿನ ಅಂಗಡಿ ಅಂಗಡಿಯಲ್ಲೂ ಅವನ ಕೈಗಳಿದ್ದವು. ಮುಖ ಎಲ್ಲೂ ಇರಲಿಲ್ಲ.

ಅವನನ್ನು ಈ ಮನೆಗೆ ಆರಿಸಿಕೊಂಡದ್ದೇ ಆ ಕೈಗಾಗಿ. ಮೊದಲ ಸಲ ಹುಡುಗಿಯನ್ನು ನೋಡಲು ಬಂದಾಗ ಜಗಲಿಯಲ್ಲಿ ಕೂತು ತನ್ನ ಓದಿನ ವಿಷಯ ಭಾರೀ ಬಿಗುಮಾನದಿಂದ ಹೇಳುತ್ತಿದ್ದ. ಮಾತಿನ ನಡುವೆ ಕತ್ತು, ಕಿವಿ, ಮೊಣಕೈ ಎಂದು ಪಟಪಟ ಹೊಡೆದುಕೊಳ್ಳುತ್ತಿದ್ದ. ಮಾವನ ಕಣ್ಣು ಅವನ ಕತ್ತಿನ ಮೇಲೇ ನೆಟ್ಟಿತ್ತು. ಟೀ ಆರುವ ಮೊದಲೇ ಸಂಬಂಧ ಒಪ್ಪಿಗೆ ಎಂದುಬಿಟ್ಟ. ತನ್ನ ಪದವಿಗೆ ಸಿಕ್ಕ ಮರ್ಯಾದೆ ಎಂದು ಅಳಿಯ ಎಷ್ಟೋ ದಿನ ಎದೆ ಉಬ್ಬಿಸಿಕೊಂಡು ಓಡಾಡಿದ್ದ. ಆಮೇಲೊಂದು ದಿನ ಊಟಕ್ಕೆ ಕೂತಾಗ ಅತ್ತೆ ಗುಟ್ಟು ಬಿಚ್ಚಿದಳು.

“ಇವ್ರಿಗಿಂತ ಮೊದಲೂ ಹುಡುಗ್ರು ಬಂದಿದ್ರು. ಚೆನ್ನಾಗೇ ಇದ್ರು. ಆದ್ರೆ ಒಬ್ಬರ ಹತ್ರಾನೂ ಒಂದು ಸೊಳ್ಳೆ ಸುಳೀಲಿಲ್ಲ. ಇವ್ರು ಬಂದಾಗ ನೋಡ್ಬೇಕಿತ್ತು, ಮದುವೆಮನೆಗೆ ನೆಂಟರು ನುಗ್ಗಿದ ಹಾಗೆ ನುಗ್ಗಿದ್ವು!”

ಅತ್ತೆಗೆ ನಗುವಿನಲ್ಲಿ ಕಣ್ಣೀರೇ ಬಂತು. ಭಾಮೈದ ಮೇಜು ಬಡಿದು ನಕ್ಕ. ಅಳಿಯನೂ ನಕ್ಕ, ಎಲ್ಲರಿಗಿಂತ ಜೋರಾಗಿಯೇ ನಕ್ಕ. ಹೆಂಡತಿ ಮಾತ್ರ ತಟ್ಟೆ ಎತ್ತಿಕೊಂಡು ಎದ್ದು ಹೋದಳು.

ಅಂದಿನಿಂದ ಅವನು ಆ ಮನೆಯವರನ್ನು ಕಂಡರೆ ಒಳಗೊಳಗೇ ಉಗಿಯುತ್ತಿದ್ದ. ಎದುರಿಗೆ ‘ಮಾವ’, ಮನಸ್ಸಿನಲ್ಲಿ ‘ಮೇಣದ ಮುದುಕ’. ಅತ್ತೆ ತಿಂದದ್ದು ಅರಗಿಸಿಕೊಳ್ಳಲಿಕ್ಕೇ ಹುಟ್ಟಿದವಳು. ಭಾಮೈದ ಕನ್ನಡಿಯ ಮುಂದೆ ಕ್ರಾಪು ತೀಡುವುದರಲ್ಲೇ ಮುದುಕನಾಗುವ ಆಸಾಮಿ. ಹೆಂಡತಿ ಅಪ್ಪ ಹಾಕಿದ ಗೆರೆ ದಾಟದ ಅಪ್ಪನ ಮಗಳು. ಮಕ್ಕಳಾಗಿರಲಿಲ್ಲ, ಅದಕ್ಕೂ ಮುಲಾಮು ಹಚ್ಚಿ ಎಂದು ಮಾವ ಹೇಳದಿದ್ದುದೇ ಪುಣ್ಯ. ಹೀಗೆ ಎಲ್ಲರನ್ನೂ ತೂಕ ಹಾಕಿ ಪಕ್ಕಕ್ಕೆಸೆದು, ಅವರೇ ಬಡಿಸಿದ್ದನ್ನು ಬಾಯಿ ಚಪ್ಪರಿಸಿ ಉಂಡು, ಅವರೇ ಹಾಸಿದ ಹಾಸಿಗೆಯಲ್ಲಿ ಗೊರಕೆ ಹೊಡೆಯುತ್ತಿದ್ದ. ಅವರನ್ನು ಕೀಳಾಗಿ ಕಾಣುತ್ತಿರುವವರೆಗೂ ತಾನು ಅವರ ಗುಂಪಿಗೆ ಸೇರಿದವನಲ್ಲ ಎಂದೇ ಅವನ ಲೆಕ್ಕಾಚಾರ. ಊರಿನಿಂದ ಅಕ್ಕ ಆಗಾಗ ಫೋನು ಮಾಡಿ ಅಲ್ಲೊಂದು ಕೆಲಸವಿದೆ, ಇಲ್ಲೊಂದು ಕೆಲಸವಿದೆ ಎನ್ನುತ್ತಿದ್ದಳು. “ನೋಡ್ತೀನಿ ಅಕ್ಕ” ಎನ್ನುತ್ತಿದ್ದ. ನೋಡುತ್ತಲೇ ವರ್ಷಗಳು ಕಳೆದವು.

ಆ ವರ್ಷ ಬೇಸಿಗೆ ಶುರುವಾದಾಗ ಒಂದು ಸಂಜೆ ಅಳಿಯ ಹಿತ್ತಲ ಮೆಟ್ಟಿಲ ಮೇಲೆ ಕೂತು ಕಾಫಿ ಕುಡಿಯುತ್ತಿದ್ದ. ಲೋಟ ಖಾಲಿಯಾಯಿತು. ಏನೋ ಕಡಿಮೆಯಾದಂತೆ ಅನ್ನಿಸಿತು. ಏನೆಂದು ಹೊಳೆಯಲು ಸ್ವಲ್ಪ ಹೊತ್ತೇ ಹಿಡಿಯಿತು: ಅವನು ಒಂದು ಸಲವೂ ಮೈ ಕೆರೆದುಕೊಂಡಿರಲಿಲ್ಲ. ಕತ್ತು ಮುಟ್ಟಿ ನೋಡಿದ, ನುಣ್ಣಗಿತ್ತು. ಕಾಲು ನೋಡಿಕೊಂಡ, ಒಂದೂ ದದ್ದಿಲ್ಲ. ತಲೆಯ ಮೇಲಿನ ಬಲ್ಬಿನ ಸುತ್ತ ಪ್ರತಿವರ್ಷ ಮುತ್ತುತ್ತಿದ್ದ ಹುಳುಗಳೂ ಇರಲಿಲ್ಲ. ಗೋಡೆಯ ಮೇಲೊಂದು ಹಲ್ಲಿ ಬಲ್ಬನ್ನೇ ನೋಡುತ್ತ ಕೂತಿತ್ತು, ಹೊಟ್ಟೆ ಬೆನ್ನಿಗಂಟಿತ್ತು.

ಕಾರಣ ಹುಡುಕಿಕೊಂಡು ಎಲ್ಲಿಗೂ ಹೋಗಬೇಕಾಗಿರಲಿಲ್ಲ. ಹಿತ್ತಲ ಗೋಡೆಯಾಚೆ ಹಿಂದಿನಿಂದಲೂ ಒಂದು ಹೊಂಡವಿತ್ತು, ಜೊಂಡು ಬೆಳೆದು ಕಪ್ಪಗೆ ನೀರು ನಿಂತ ಹೊಂಡ. ಯಾರೋ ಕಟ್ಟಡ ಕಟ್ಟಲು ಆ ಜಾಗ ಕೊಂಡು ಚಳಿಗಾಲವೆಲ್ಲ ಲಾರಿಗಟ್ಟಲೆ ಮಣ್ಣು ಸುರಿಸಿ ಮುಚ್ಚಿಸಿದ್ದರು. ಒಣಗಲು ಹಾಕಿದ ಬಟ್ಟೆಗೆ ಧೂಳು ಕೂರುತ್ತದೆಂದು ಅತ್ತೆ ದಿನಾ ಲಾರಿಯವರಿಗೆ ಶಾಪ ಹಾಕಿದ್ದಳು. ಲಾರಿ ಕಂಡವರಿಗೆ, ಧೂಳು ಕುಡಿದವರಿಗೆ, ಹೊಂಡ ಹೋದರೆ ಸೊಳ್ಳೆಯೂ ಹೋಗುತ್ತದೆ ಎಂಬುದು ಹೊಳೆಯಬೇಡವೇ? ಈ ಮನೆಯಲ್ಲಿ ಹೊಳೆಯಲಿಲ್ಲ. ಶೆಡ್ಡಿನಲ್ಲಿ ಮೇಣ ಕುದಿಯುತ್ತಲೇ ಇತ್ತು.

ಅಳಿಯನಿಗೆ ಒಳಗೊಳಗೇ ಹಿಗ್ಗು. ಮುದುಕ ಇನ್ನು ಯಾರಿಗೆ ಮಾರುತ್ತಾನೆ ನೋಡೋಣ! ವ್ಯಾಪಾರ ಕೆಟ್ಟವರು ನೊಣ ಹೊಡೆಯುತ್ತ ಕೂರುತ್ತಾರೆ ಅನ್ನುತ್ತಾರೆ. ಇವನಿಗೆ ಹೊಡೆಯಲು ನೊಣವೂ ಇಲ್ಲ. ಅದೇ ವಾರ ಅಕ್ಕನ ಫೋನು ಬಂತು.

“ನೋಡೋ, ನಮ್ಮೂರಿನ ಶಾಲೇಲಿ ವಿಜ್ಞಾನದ ಮೇಷ್ಟ್ರು ಕೆಲಸ ಬಿಟ್ಟಿದ್ದಾರೆ. ಹೆಡ್‌ಮಾಸ್ಟರು ನಿನ್ನ ವಿಷಯ ಕೇಳ್ತಿದ್ರು. ಮನೇನೂ ಕೊಡ್ತಾರಂತೆ. ಮುಂದಿನ ಸೋಮವಾರ ಬಂದು ಸೇರ್ಕೋಬೇಕು, ಇಲ್ಲಾಂದ್ರೆ ಬೇರೆಯವ್ರನ್ನ ತಗೋತಾರೆ. ಇನ್ಮೇಲೆ ನಾನು ಯಾರ ಹತ್ರಾನೂ ಹೋಗಿ ಬಾಯಿ ಬಿಡೋದಿಲ್ಲ, ಹೇಳಿದೀನಿ.”

“ಬರ್ತೀನಿ ಅಕ್ಕ” ಎಂದ ಅಳಿಯ. ಹಾಗೆಂದ ತನ್ನ ದನಿ ಕೇಳಿ ತನಗೇ ಆಶ್ಚರ್ಯವಾಯಿತು. ಈ ಸಲ ಪರೀಕ್ಷೆ ನಡೆಯಲಿ, ವ್ಯಾಪಾರಿಯ ಮುಂದೆ ಮುದುಕನ ಮಾನ ಹೋಗಲಿ, ಅಪ್ಪನ ಬಂಡವಾಳ ಬಯಲಾದ ಮೇಲೆ ಹೆಂಡತಿಯ ಕಣ್ಣೂ ತೆರೆಯುತ್ತದೆ, ಆಗ ಕೈ ಹಿಡಿದು ಕರೆದುಕೊಂಡು ಹೋಗುವುದು. ತಾನು ಬಾಯಿ ತೆರೆಯಬೇಕಾಗಿಯೇ ಇಲ್ಲ. ಎಲ್ಲವನ್ನೂ ಸೊಳ್ಳೆಗಳೇ ಮಾಡಿಕೊಡುತ್ತವೆ ಎಂದುಕೊಂಡ.

ಪರೀಕ್ಷೆಯ ಸಂಜೆ ಬಂತು. ಸಗಟು ವ್ಯಾಪಾರಿ ಒಳ್ಳೆಯ ಕುರ್ಚಿಯಲ್ಲಿ ಕಾಲು ಚಾಚಿ ಕೂತ. ಅಳಿಯ ಅಂಗಿಯ ತೋಳು ಮಡಿಸಿ ಎರಡೂ ಕೈ ಮುಂದಿಟ್ಟ. ಎಲ್ಲರೂ ಎಡಗೈಯನ್ನೇ ನೋಡುತ್ತ ಕೂತರು. ಹೊತ್ತು ಮುಳುಗಿತು. ಅತ್ತೆ ಆಕಳಿಸಿದಳು, ವ್ಯಾಪಾರಿಯೂ ಆಕಳಿಸಿದ.

“ಅಲ್ಲಾಡಬೇಡಿ ಅಳಿಯಂದಿರೇ” ಎಂದ ಮಾವ. “ಅವಕ್ಕೆ ಗಾಬರಿಯಾಗತ್ತೆ.”

ಯಾವುದಕ್ಕೆ ಗಾಬರಿ? ಗಾಬರಿಗೊಳ್ಳಲು ಒಂದಾದರೂ ಇರಬೇಕಲ್ಲ. ಅಳಿಯ ನಗು ತಡೆದುಕೊಂಡು ಕಲ್ಲಿನಂತೆ ಕೂತ. ಇನ್ನೂ ಸ್ವಲ್ಪ ಹೊತ್ತಾದ ಮೇಲೆ ಮಾವ ತೊಡೆ ತಟ್ಟಿಕೊಂಡು ಎದ್ದ.

“ನೋಡಿದ್ರಾ! ಹಚ್ಚದೇ ಇರೋ ಕೈಗೂ ಒಂದೂ ಬರ್ತಿಲ್ಲ. ಒಂದು ಕೈಗೆ ಹಚ್ಚಿದ್ರೆ ಎರಡು ಕೈಗೂ ಕೆಲಸ ಮಾಡ್ತಿದೆ. ಈ ವರ್ಷದ ಮಾಲು ಅಷ್ಟು ಖಡಕ್ಕು!”

“ನಾನು ಹಚ್ಕೊಂಡಿಲ್ವಲ್ಲ ಯಜಮಾನ್ರೇ” ಎಂದ ವ್ಯಾಪಾರಿ. “ನನಗೂ ಕಚ್ಚಿಲ್ಲ. ನಮ್ಮನೆ ಕಡೇನೂ ಈ ಸಲ ಕಾಣೆ. ಸೊಳ್ಳೆಬತ್ತಿ, ಪರದೆ, ಯಾವುದೂ ಅಂಗಡಿ ಬಿಟ್ಟು ಹೋಗ್ತಿಲ್ಲ. ಹಚ್ಚದೇ ಇದ್ರೂ ಕಚ್ಚೋದಿಲ್ಲ ಅಂದ್ರೆ ಜನ ಯಾಕೆ ಹಚ್ಕೋತಾರೆ ಹೇಳಿ?”

“ಅಪ್ಪಾ, ಆ ಹೊಂಡ ಮುಚ್ಚಿಬಿಟ್ರಲ್ಲ...” ಎಂದು ಭಾಮೈದ ರಾಗ ಎಳೆದ. ಅವನ ತಲೆಯೊಳಗೂ ಏನೋ ಇದೆಯಲ್ಲ ಎಂದು ಅಳಿಯನಿಗೆ ಆಶ್ಚರ್ಯವಾಯಿತು.

“ಹೊಂಡಕ್ಕೂ ಇದಕ್ಕೂ ಏನೋ ಸಂಬಂಧ?” ಮಾವ ಗದರಿದ. “ಸೊಳ್ಳೆ ಬದುಕೋದು ಹೊಂಡ ಕುಡಿದಾ? ರಕ್ತ ಕುಡಿದು! ರಕ್ತ ಇರೋ ಕಡೆ ಅದು ಬಂದೇ ಬರತ್ತೆ.” ಹಾಗೆನ್ನುತ್ತಲೇ ಮಾವನಿಗೆ ಏನೋ ಹೊಳೆಯಿತು. ತಟ್ಟನೆ ಅಳಿಯನ ಕಡೆ ತಿರುಗಿ, ಗಲ್ಲ ಹಿಡಿದು ಮುಖವನ್ನು ಬೆಳಕಿಗೆತ್ತಿ, ಕಣ್ಣಿನ ರೆಪ್ಪೆ ಕೆಳಗೆಳೆದು ನೋಡಿದ. “ನಾಲಿಗೆ ತೋರ್ಸಿ.”

ಅಳಿಯ ನಾಲಿಗೆ ಚಾಚಿದ.

“ಅದೇ ಅನ್ಕೊಂಡೆ. ಬಿಳಿಚಿಕೊಂಡಿದೆ. ಮಾಲಿನಲ್ಲಿ ದೋಷ ಇಲ್ಲ, ಅಳಿಯಂದಿರ ರಕ್ತ ಕೆಟ್ಟಿದೆ.”

“ವಯಸ್ಸಾಯ್ತಲ್ಲ ಪಾಪ” ಎಂದಳು ಅತ್ತೆ. “ಮೊದಲಿನ ಸಿಹಿ ಈಗ ಎಲ್ಲಿಂದ ಬರ್ಬೇಕು.”

ಮಾವ ಮಗನಿಗೆ ಸನ್ನೆ ಮಾಡಿದ. “ಏಯ್, ನೀನು ಕೂತ್ಕೋ. ನಿಂದು ಎಳೇ ರಕ್ತ.”

ಅಳಿಯ ಕುರ್ಚಿ ಬಿಟ್ಟು ಏಳಬೇಕಾಯಿತು. ಬಿಡುಗಡೆಯಾದ ಸಂತೋಷಕ್ಕೆ ಕುಣಿಯಬೇಕಿತ್ತು ಅವನು. ಕುಣಿಯಲಿಲ್ಲ. ಆ ಕ್ರಾಪಿನ ಗೊಂಬೆ ತನ್ನ ಕುರ್ಚಿಯಲ್ಲಿ ಕೂತು ತೋಳೇರಿಸಿದ್ದನ್ನು ಕಂಡು ಅವನ ಹೊಟ್ಟೆಯಲ್ಲಿ ಕಿಚ್ಚು ಹತ್ತಿತು. ಎಳೇ ರಕ್ತವಂತೆ! ಇಷ್ಟು ವರ್ಷ ಈ ಮನೆಯ ಅನ್ನ ಬೇಯಿಸಿದ್ದು ಯಾರ ರಕ್ತ? ಭಾಮೈದನ ಕೈಗೂ ಒಂದೂ ಸೊಳ್ಳೆ ಬರಲಿಲ್ಲ, ಅಳಿಯನ ಹೊಟ್ಟೆಗೆ ಹಾಲು ಹೊಯ್ದಂತಾಯಿತು. ಆಗಲಾದರೂ ಅವನಿಗೆ ತನ್ನ ಮೇಲೆ ಗುಮಾನಿ ಬರಬೇಕಿತ್ತು. ಬೇರೆಯವರ ಪೆದ್ದುತನ ಎಣಿಸುವುದರಲ್ಲೇ ಹೊತ್ತು ಹೋಗುವವನಿಗೆ ಅಂಥ ಗುಮಾನಿ ಎಲ್ಲಿಂದ ಬರಬೇಕು?

“ಶನಿವಾರ ಮತ್ತೆ ಬರ್ತೀನಿ” ಎಂದು ವ್ಯಾಪಾರಿ ಎದ್ದ. “ಕಚ್ಚಿರೋ ಕೈ ತೋರ್ಸಿ, ಮಾಲು ತಗೋತೀನಿ. ಇಲ್ಲಾಂದ್ರೆ ಈ ವರ್ಷ ಬೇಡ.”

ಮಾರನೆಯ ದಿನದಿಂದ ಅಳಿಯನ ರಕ್ತ ಸರಿಮಾಡುವ ಕಾರ್ಯಕ್ರಮ ಶುರುವಾಯಿತು. ಬೆಳಗ್ಗೆ ಎದ್ದ ಕೂಡಲೇ ಜೇನುತುಪ್ಪ, ಹಾಲಿಗೆ ಸಕ್ಕರೆಯ ಮೇಲೆ ಸಕ್ಕರೆ. ಸೊಳ್ಳೆಗೆ ಕಪ್ಪು ಬಣ್ಣವೆಂದರೆ ಆಸೆ ಎಂದು ಯಾರೋ ಹೇಳಿದ್ದಕ್ಕೆ ಸುಡುವ ಬಿಸಿಲಲ್ಲೂ ಕಪ್ಪು ಅಂಗಿ. ಸಂಜೆಯಾದರೆ ಮಾವ ಕುರ್ಚಿ ಹೊತ್ತುಕೊಂಡು ಮುಂದೆ, ಅಳಿಯ ತೋಳು ಮಡಚಿಕೊಂಡು ಹಿಂದೆ. ಒಂದು ದಿನ ಚರಂಡಿಯ ಪಕ್ಕ, ಇನ್ನೊಂದು ದಿನ ಕಸದ ಗುಡ್ಡೆಯ ಪಕ್ಕ, ಮತ್ತೊಂದು ದಿನ ಗೋಡೆಯಾಚೆ ಹೊಂಡವಿದ್ದ ಜಾಗದಲ್ಲೇ, ಕೆಂಪು ಮಣ್ಣಿನ ನಡುವೆ. ಕಟ್ಟಡದ ಕೂಲಿಯವರು ಕೆಲಸ ನಿಲ್ಲಿಸಿ ನೋಡಿದರು. ಅಳಿಯ ಎಲ್ಲೆಲ್ಲಿ ಕೂರಿಸಿದರೆ ಅಲ್ಲಲ್ಲಿ ಕೂತ. ಈ ಮೂರ್ಖರ ಆಟ ಎಲ್ಲಿಯವರೆಗೆ ಹೋಗುತ್ತದೋ ನೋಡುತ್ತಿದ್ದೇನೆ ಎಂದು ತನಗೆ ತಾನೇ ಹೇಳಿಕೊಂಡ. ಒಂದೂ ಕಚ್ಚದೆ ವಾಪಸು ಬರುವಾಗ ಮಾತ್ರ ಮಾವನ ಮುಖ ನೋಡಲು ಅವನಿಗೆ ಯಾಕೋ ಸಂಕೋಚವಾಗುತ್ತಿತ್ತು.

ಶುಕ್ರವಾರ ಬೆಳಗ್ಗೆ ಶೆಡ್ಡಿನಲ್ಲಿ ಹೆಂಡತಿ ಒಬ್ಬಳೇ ಖಾಲಿ ಡಬ್ಬಿಗಳನ್ನು ಒರೆಸುತ್ತಿದ್ದಳು. ಅಳಿಯ ಬಾಗಿಲು ಮುಂದೆ ಮಾಡಿ ಅಕ್ಕ ಹೇಳಿದ್ದನ್ನೆಲ್ಲ ಹೇಳಿದ. ಅವಳು ಅಳುತ್ತಾಳೆ, ಅಪ್ಪನನ್ನು ಬಿಟ್ಟು ಹೇಗೆ ಬರಲಿ ಅನ್ನುತ್ತಾಳೆ ಎಂದು ಉತ್ತರಗಳನ್ನೆಲ್ಲ ಸಿದ್ಧ ಮಾಡಿಕೊಂಡು ಬಂದಿದ್ದ. ಅವಳು ಕೈಲಿದ್ದ ಬಟ್ಟೆ ಕೆಳಗಿಟ್ಟಳು.

“ನಾಳೆ ಸಂಜೆ ಹೊರಡೋಣ. ಕಾರಿಗೆ ನಾನೇ ಹೇಳ್ತೀನಿ.”

ಅಳಿಯ ಕಣ್ಣು ಕಣ್ಣು ಬಿಟ್ಟ. “ನೀನು ಬರ್ತೀಯಾ?”

“ಒಂದ್ಸಲ ಆದ್ರೂ ಕೇಳಿದ್ರಾ ನೀವು? ಅವತ್ತು ಊಟದ ಹೊತ್ತಲ್ಲಿ ಅಮ್ಮ ಅದನ್ನ ಹೇಳಿ ನಕ್ಕಾಗ್ಲೇ ನನಗೆ ಈ ಮನೆ ಸಾಕು ಅನ್ನಿಸಿತ್ತು. ನೀವು ಎದ್ದು ಬರ್ತೀರಿ ಅಂತ ಒಳಗೆ ನಿಂತು ಕಾದೆ. ನೀವೂ ನಕ್ಕೊಂಡು ಕೂತ್ರಿ.” ಅವಳ ದನಿಯಲ್ಲಿ ಸಿಟ್ಟಿರಲಿಲ್ಲ, ದಣಿವಿತ್ತು. “ಪ್ರತಿ ವರ್ಷ ಪೆನ್ನು ಹಿಡ್ಕೊಂಡು ಪಕ್ಕದಲ್ಲಿ ಕೂರ್ತಿದ್ನಲ್ಲ, ಈ ಸಲ ಸಾಕು ಅಂತಾರೆ, ಕೈ ಎಳ್ಕೋತಾರೆ ಅಂತ ಕಾಯ್ತಿದ್ದೆ. ಎಲ್ಲಿ, ಸರಿಯಾಗಿ ಕಾಣ್ಲಿ ಅಂತ ಕೈ ತಿರುಗಿಸಿ ಕೊಡ್ತಿದ್ರಿ.”

ಅಳಿಯ ಎಡಗೈಯನ್ನು ಬೆನ್ನ ಹಿಂದೆ ಸರಿಸಿಕೊಂಡ.

“ಒಂದೇ ಮಾತು” ಎಂದಳು. “ಅಪ್ಪನಿಗೆ ನೀವೇ ಹೇಳ್ಬೇಕು. ಇಷ್ಟು ದಿನ ನಿಮ್ಮ ಪರವಾಗಿ ಎಲ್ಲ ನಾನೇ ಮಾತಾಡಿದ್ದಾಯ್ತು, ನಿಮಗೊಂದು ಅಂಗಿ ಬೇಕಾದ್ರೂ ನಾನೇ ಕೇಳ್ತಿದ್ದೆ. ಇದನ್ನ ನಾನು ಹೇಳಲ್ಲ. ಇನ್ನು ಈ ಕೈ ಕೊಡಲ್ಲ ಅಂತ ನಿಮ್ಮ ಬಾಯಲ್ಲೇ ಬರ್ಲಿ. ಅದನ್ನ ಹೇಳಿ ಬಂದ್ರೆ ಸಾಕು, ಆಮೇಲೆ ಎಲ್ಲಿಗೆ ಬೇಕಾದ್ರೂ ಬರ್ತೀನಿ. ಹೇಳೋಕಾಗ್ಲಿಲ್ಲ ಅಂದ್ರೆ ನಾನೊಬ್ಳೇ ಹೋಗ್ತೀನಿ.”

“ಅದೇನು ಮಹಾ” ಎಂದ ಅಳಿಯ. “ಆ ಮುದುಕನಿಗೆ ಹೇಳೋಕೆ ನನಗೇನು ಭಯವಾ?” ಮೊದಲ ಸಲ ಅವಳ ಮುಂದೆ ಮುದುಕ ಎಂದಿದ್ದ. ಅವಳು ಬೇಸರಿಸದೆ ಬಟ್ಟೆ ಎತ್ತಿಕೊಂಡು ಮುಂದಿನ ಡಬ್ಬಿ ಒರೆಸಿದಳು. ಅಪ್ಪನ ಮಗಳು ಎಂದು ಇಷ್ಟು ವರ್ಷ ಮೂಗು ಮುರಿದದ್ದು ಇವಳನ್ನು ನೋಡಿಯೇ ಎಂದು ಅವನಿಗೆ ನಾಚಿಕೆಯಾಯಿತು. ಮಧ್ಯಾಹ್ನದ ಊಟದಲ್ಲಿ ಆ ನಾಚಿಕೆ ಕರಗಿಹೋಯಿತು.

ಶನಿವಾರ ಸಂಜೆ ಬಾಡಿಗೆ ಕಾರು ಗೇಟಿನ ಮುಂದೆ ಬಂದು ನಿಂತಿತು. ಹೆಂಡತಿ ಸೂಟ್‌ಕೇಸುಗಳನ್ನು ತಾನೇ ಎಳೆದುಕೊಂಡು ಹೋಗಿ ಇಡಿಸಿದಳು. ಅಳಿಯ ಕೂದಲು ಬಾಚಿಕೊಂಡು ಹಿತ್ತಲಿಗೆ ನಡೆದ. ಮಾತುಗಳು ಬಾಯಿಪಾಠವಾಗಿದ್ದವು. ಮಾವ, ನೀವು ಮಾರ್ತಿರೋದು ಮೇಣ. ನಿಮ್ಮ ಬುದ್ಧೀಲಿ ಇರೋದೂ ಮೇಣ. ನನ್ನ ಕೈ ಇನ್ನು ನನಗೆ ಬೇಕು. ದಾರಿಯುದ್ದಕ್ಕೂ ಹೇಳಿಕೊಂಡ, ಕೊನೆಯ ಮಾತನ್ನು ಹೇಗೆ ಒತ್ತಿ ಹೇಳಬೇಕೆಂಬುದನ್ನೂ ನೋಡಿಕೊಂಡ.

ಮಾವ ಕುರ್ಚಿಗಳನ್ನು ಸರಿಪಡಿಸುತ್ತಿದ್ದ. ವ್ಯಾಪಾರಿ ಬರುವ ಹೊತ್ತಾಗಿತ್ತು. ಮುದುಕನ ಬೆನ್ನು ಬಾಗಿತ್ತು, ಆ ವಾರದಲ್ಲೇ ಅಷ್ಟು ಬಾಗಿದಂತೆ ಕಂಡಿತು.

“ಮಾವ, ಒಂದು ವಿಷಯ ಹೇಳ್ಬೇಕಿತ್ತು.”

“ಬನ್ನಿ ಬನ್ನಿ, ಕೂತ್ಕೊಂಡೇ ಹೇಳಿ.”

ಕೂತು ಹೇಳಿದರೂ ಅದೇ ಮಾತು ತಾನೇ ಎಂದು ಅಳಿಯ ಕೂತ. ಯಾರೂ ಹೇಳದಿದ್ದರೂ ಎಡಗೈ ಕುರ್ಚಿಯ ತೋಳಿನ ಮೇಲೆ ಹೋಗಿ ಮಲಗಿತು. “ಅದೇನಂದ್ರೆ ಮಾವ, ನಾನು...” ಎಂದು ಶುರು ಮಾಡಿದ.

ಆಗ ಕಿವಿಯ ಹತ್ತಿರ ಆ ದನಿ ಬಂತು. ಸಣ್ಣಗೆ, ಎಳೆಯಾಗಿ, ಬಂದು ಹೋಗಿ ಮತ್ತೆ ಬಂತು. ಅಳಿಯನ ಬಾಯಿ ಅರ್ಧಕ್ಕೇ ನಿಂತಿತು. ಒಂದು ಬಡಕಲು ಸೊಳ್ಳೆ ಅವನ ಮುಖದ ಮುಂದೆ ಸುಳಿದು, ಕುರ್ಚಿಯ ಹಿಡಿಯ ಸುತ್ತ ತಿರುಗಿ, ಎಡಗೈಯ ಮೇಲೆ ಬಂದು ಕೂತಿತು. ಮಾವ ಅಲ್ಲೇ ಇದ್ದ, ಅವನ ಕಡೆ ಹೋಗಲಿಲ್ಲ. ಅಂಗಳದಲ್ಲಿ ಭಾಮೈದ ಇದ್ದ, ಅವನ ಎಳೇ ರಕ್ತದ ಕಡೆಗೂ ಹೋಗಲಿಲ್ಲ. ಅಳಿಯನ ಎದೆ ತುಂಬಿ ಬಂತು.

“ಮಾವಾ!” ಎಂದು ಕೂಗಿದ. “ಬಂತು! ಬಂತು ಮಾವ! ನನಗೇ ಬಂತು!”

ಮುದುಕ ಕುರ್ಚಿ ಎಸೆದು ಓಡಿ ಬಂದ. ಮಂಡಿಯೂರಿ ಕೂತು ಎರಡೂ ಕೈಯಿಂದ ಅಳಿಯನ ಮಣಿಕಟ್ಟು ಹಿಡಿದುಕೊಂಡ. “ಅಲ್ಲಾಡಬೇಡಿ, ಅಲ್ಲಾಡಬೇಡಿ... ಕಚ್ತಾ ಇದೆ! ಏಯ್, ಬನ್ರೋ ಎಲ್ಲ! ಅಳಿಯಂದಿರ ರಕ್ತ ಸರಿಹೋಯ್ತು!” ಅವನ ಕಣ್ಣಲ್ಲಿ ನೀರಿತ್ತು. ಅತ್ತೆ ಬಂದಳು, ಭಾಮೈದ ಬಂದ. ಅಳಿಯ ಮೊದಲ ಬಹುಮಾನ ಬಂದ ಹುಡುಗನಂತೆ ಮುಖ ಅರಳಿಸಿಕೊಂಡು ಎಲ್ಲರನ್ನೂ ನೋಡಿದ. ಹಾಗೆ ನೋಡುತ್ತ ನೋಡುತ್ತ ಹಿತ್ತಲ ಬಾಗಿಲಿನಲ್ಲಿ ನಿಂತಿದ್ದ ಹೆಂಡತಿಯನ್ನೂ ನೋಡಿದ.

ಅವಳು ಎಷ್ಟು ಹೊತ್ತಿನಿಂದ ನಿಂತಿದ್ದಳೋ. ಅವನ ಕೈ ನೋಡಿದಳು, ಆಮೇಲೆ ಮುಖ ನೋಡಿದಳು. ಅವನು ಇಷ್ಟು ವರ್ಷ ಈ ಮನೆಯವರನ್ನೆಲ್ಲ ಕದ್ದು ನೋಡುತ್ತಿದ್ದ ನೋಟವೇ ಅದು. ಅವಳು ಅದನ್ನು ಬಚ್ಚಿಡಲಿಲ್ಲ.

“ಹೇಳಿದ್ರಾ?” ಎಂದು ಕೇಳಿದಳು.

“ಒಂದೇ ನಿಮಿಷ ಕಣೇ. ಇದೊಂದು ಮುಗೀಲಿ.”

“ಸರಿ, ಮುಗಿಸ್ಕೊಳ್ಳಿ. ಅಕ್ಕನಿಗೆ ನಾನು ಹೇಳ್ತೀನಿ.”

ಅವಳು ತಿರುಗಿ ಒಳಗೆ ಹೋದಳು. ಮುಂಬಾಗಿಲು ತೆರೆದದ್ದು ಕೇಳಿಸಿತು, ಆಮೇಲೆ ಗೇಟು. ಅಳಿಯ ಕುರ್ಚಿಯ ಅಂಚಿಗೆ ಸರಿದ.

“ಏಳಬೇಡಿ ಅಳಿಯಂದಿರೇ” ಎಂದು ಮಾವ ಪಿಸುಗುಟ್ಟಿದ. “ಕುಡೀತಾ ಇದೆ.”

ಮುದುಕನ ಹಿಡಿತದಲ್ಲಿ ಬಲವಿರಲಿಲ್ಲ. ಒಮ್ಮೆ ಕೊಡವಿದ್ದರೆ ಬಿಟ್ಟುಹೋಗುತ್ತಿತ್ತು. ರಸ್ತೆಯಲ್ಲಿ ಕಾರಿನ ಬಾಗಿಲು ಹಾಕಿಕೊಂಡಿತು, ಇಂಜಿನ್ನು ಶುರುವಾಯಿತು, ಕಾರು ನಿಧಾನವಾಗಿ ಹಿಂದೆ ಬಂದು ತಿರುಗಿಕೊಂಡಿತು. ಆ ಸದ್ದು ರಸ್ತೆಯ ತಿರುವಿನಲ್ಲಿ ಮರೆಯಾಗುವವರೆಗೂ ಅಳಿಯ ಉಸಿರು ಬಿಗಿಹಿಡಿದು, ಕೈ ಒಂದಿಷ್ಟೂ ಅಲ್ಲಾಡದಂತೆ ನೋಡಿಕೊಂಡ.